ಪಾಸಿಂಗ್ ಪ್ಯಾಕೇಜ್ ಬರುವ ಮುಂಚೆ: ಮಲೆನಾಡಿನ ಒಂದು ಹತ್ತನೇ ತರಗತಿಯ ಅರ್ಧ ವರ್ಷ

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, 2025–26ರ ಹತ್ತನೇ ತರಗತಿ. ಮೇ ಕೊನೆಗೆ ಶಾಲೆ ಶುರುವಾದಾಗಿನಿಂದ ದಸರಾ ರಜೆಯವರೆಗೆ, ಗಣಿತ ಒಂದರಲ್ಲಿ ಮಾತ್ರ, ನಮ್ಮ ಗಣಿತ ಮೇಡಂ ಒಂದು ಕೆಲಸವನ್ನು ಮುಂದಕ್ಕೆ ಹಾಕಿದರು. ಹಿಂದುಳಿದ ಮಕ್ಕಳಿಗೆ ಜೂನ್‌ನಲ್ಲೇ ಕೈಗೆ ಕೊಡುತ್ತಿದ್ದ ಪಾಸಿಂಗ್ ಪ್ಯಾಕೇಜನ್ನು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಕೊಡಲಿಲ್ಲ. ಅದರ ಬದಲು ಏನು ಮಾಡಿದರು, ಮಕ್ಕಳು ತಮ್ಮಿಂದ ಎಷ್ಟು ನಿರೀಕ್ಷೆ ಮಾಡಿದರು, ಕೊನೆಗೆ ಎಷ್ಟು ಬಂತು ಎಂಬುದು ಈ ಬರಹದ ವಿಷಯ. ನಾನು ಅದೇ ತರಗತಿಯ ಕ್ಲಾಸ್ ಟೀಚರ್, ಕಲಿಸುವುದು ಸಮಾಜ ವಿಜ್ಞಾನ. ಹಾಗಾಗಿ ಹಾಜರಿ ಪುಸ್ತಕ, ಪೋಷಕರ ಸಭೆ, ಮನೆ ಭೇಟಿ ಎಲ್ಲ ನನ್ನ ಪಾಲಿಗೆ ಬಂದಿದ್ದವು. ಮಕ್ಕಳ ಹೆಸರು ಇಲ್ಲಿ ಬೇಡ.

ಪಾಸಿಂಗ್ ಪ್ಯಾಕೇಜ್ ಎಂದರೇನು ಅಂತ ಶಿಕ್ಷಕರಿಗೆ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಎಸ್‌ಎಸ್‌ಎಲ್‌ಸಿಯಲ್ಲಿ ಖಂಡಿತ ಬರುವ, ಸುಲಭವಾಗಿ ಅಂಕ ಸಿಗುವ ಪ್ರಶ್ನೆಗಳನ್ನಷ್ಟೇ ಒಟ್ಟು ಮಾಡಿದ ಸಣ್ಣ ಪುಸ್ತಿಕೆ. ಗಣಿತದ ಪ್ರಶ್ನೆಪತ್ರಿಕೆ 80 ಅಂಕದ್ದು, 38 ಪ್ರಶ್ನೆಗಳು. ಅದರಲ್ಲಿ ಒಂದು ಅಂಕದವೇ 16. ಅವುಗಳ ಜೊತೆ ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ, ಸರಾಸರಿ ಮತ್ತು ಮಧ್ಯಾಂಕದ ಲೆಕ್ಕ. ಇಷ್ಟನ್ನು ಬಾಯಿಪಾಠ ಮಾಡಿ, ಕೈ ಪಳಗಿಸಿಕೊಂಡರೆ 28 ದಾಟಬಹುದು. ಆಗ ಪಾಸಾಗಲು ಲಿಖಿತ ಪರೀಕ್ಷೆಯಲ್ಲಿ ಬೇಕಿದ್ದದ್ದು ಅಷ್ಟೇ: 80ಕ್ಕೆ 28.

ಈ ಪ್ಯಾಕೇಜನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಎಷ್ಟೋ ಮಕ್ಕಳು ಇದರಿಂದಲೇ ಹತ್ತನೇ ತರಗತಿ ದಾಟಿ ಐಟಿಐಗೋ ಪಿಯುಸಿಗೋ ಹೋಗಿದ್ದಾರೆ. ಫೇಲಾಗಿ ಮನೆಯಲ್ಲಿ ಕೂತ ಹುಡುಗಿಗೆ ಮಲೆನಾಡಿನಲ್ಲಿ ಮುಂದೇನಾಗುತ್ತದೆ ಅಂತ ಗೊತ್ತಿರುವವರು ಯಾರೂ ಪಾಸು ಮಾಡಿಸುವ ಕೆಲಸವನ್ನು ಕೀಳಾಗಿ ಕಾಣುವುದಿಲ್ಲ. ಮೇಡಂ ತಕರಾರು ಇದ್ದದ್ದು ಪ್ಯಾಕೇಜಿನ ಬಗ್ಗೆ ಅಲ್ಲ, ಅದನ್ನು ಕೊಡುವ ಹೊತ್ತಿನ ಬಗ್ಗೆ. ಜನವರಿಯಲ್ಲಿ ಕೊಟ್ಟರೆ ಅದು ಸಹಾಯ. ಜೂನ್‌ನಲ್ಲಿ ಕೊಟ್ಟರೆ, ಪಾಠವೇ ಶುರುವಾಗುವ ಮುಂಚೆ "ನಿನ್ನ ಕೈಲಿ ಇಷ್ಟೇ ಆಗುವುದು" ಅಂತ ಬರೆದುಕೊಟ್ಟ ಹಾಗೆ.

ಜೂನ್‌ನಲ್ಲೇ ಯಾಕೆ ಕೊಡುತ್ತಾರೆ? ಒತ್ತಡ ಇದೆ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ ಮೇಲೆ ಅದು ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ. ಶಿವಮೊಗ್ಗ ಜಿಲ್ಲೆ ಆ ವರ್ಷ ಮೂರನೇ ಸ್ಥಾನದಲ್ಲಿತ್ತು, 2025ರಲ್ಲಿ ನಾಲ್ಕಕ್ಕೆ ಬಂತು. ಒಂದು ಸ್ಥಾನ ಇಳಿದದ್ದು ಕೇಳಲು ಸಣ್ಣ ವಿಷಯ. ಆದರೆ ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಅದು ಸಣ್ಣದಲ್ಲ. ಮೇಲಿಂದ ಕೆಳಗಿನವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಿಮ್ಮ ಶಾಲೆಯಲ್ಲಿ ಫೇಲಾಗುವವರು ಎಷ್ಟು ಜನ, ಅವರಿಗೆ ಏನು ಕ್ರಮ ತಗೊಂಡಿದ್ದೀರಿ? "ಪ್ಯಾಕೇಜ್ ಕೊಟ್ಟಿದ್ದೇವೆ, ಮಕ್ಕಳನ್ನು ದತ್ತು ತಗೊಂಡಿದ್ದೇವೆ" (ಅಂದರೆ ಹಿಂದುಳಿದ ಮಕ್ಕಳ ಹೊಣೆಯನ್ನು ಒಬ್ಬೊಬ್ಬ ಶಿಕ್ಷಕರಿಗೆ ಹಂಚಿದ್ದೇವೆ) ಅಂದರೆ ಕಡತ ಮುಚ್ಚುತ್ತದೆ.

ಶಾಲೆ, ಮಳೆ, ಮಕ್ಕಳು

ನಮ್ಮದು ಬಿದನೂರು ನಗರ–ಮಾಸ್ತಿಕಟ್ಟೆ ಕಡೆಯ ಶಾಲೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್, ಮಾಸ್ತಿಕಟ್ಟೆ ಸೇರಿವೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಗೋಡೆಯ ಹಲಗೆ ಮೇಲೆ ಸೀಮೆಸುಣ್ಣ ಜಾರುತ್ತದೆ, ಹೆಂಚಿನ ಸದ್ದಿಗೆ ಪಾಠ ಕೇಳುವುದಿಲ್ಲ. ಅಂಥ ಹೊತ್ತಲ್ಲಿ ಬರೆಯಿಸುವುದೇ ಪಾಠ. ಮಳೆ ರಜೆ ಸಿಕ್ಕಿದ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ತುಂಬಿಸುತ್ತೇವೆ. ಲೆಕ್ಕಕ್ಕೆ ತುಂಬುತ್ತದೆ, ಕಲಿಕೆಗೆ ಅಷ್ಟಕ್ಕಷ್ಟೇ.

ತರಗತಿಯಲ್ಲಿ ಮೂವತ್ತರ ಆಸುಪಾಸು ಮಕ್ಕಳು. ತೋಟದ ಮನೆಯವರು ಕೆಲವರು, ತೋಟಕ್ಕೆ ಕೂಲಿಗೆ ಹೋಗುವವರ ಮಕ್ಕಳು ಹೆಚ್ಚು. ದುಡ್ಡಿದ್ದವರು ಐದನೇ ಆರನೇ ತರಗತಿಗೇ ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿಸಿರುತ್ತಾರೆ. ನಮ್ಮಲ್ಲಿ ಉಳಿದವರು ಸರ್ಕಾರಿ ಶಾಲೆಯನ್ನು ಆರಿಸಿಕೊಂಡವರಲ್ಲ, ಬೇರೆ ದಾರಿ ಇಲ್ಲದೆ ಇರುವವರು. ಇದನ್ನು ಕಹಿಯಿಂದ ಹೇಳುತ್ತಿಲ್ಲ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಅವರು ತಮ್ಮ ಮೇಲೆ ಇಟ್ಟುಕೊಳ್ಳುವ ನಿರೀಕ್ಷೆಯಲ್ಲಿ ಅದು ಕಾಣುತ್ತದೆ ಕೂಡ.

ವರ್ಷದ ಶುರುವಿಗೆ ಸೇತುಬಂಧ, ಅಂದರೆ ಹಿಂದಿನ ತರಗತಿಗಳ ಕಲಿಕೆಯನ್ನು ಹೊಸದಕ್ಕೆ ಜೋಡಿಸುವ ಪಾಠಗಳು. ಮೊದಲು ನೈದಾನಿಕ ಪರೀಕ್ಷೆ, ಹಿಂದಿನ ತರಗತಿಗಳದ್ದು ಎಷ್ಟು ಬರುತ್ತೆ ಅಂತ ನೋಡಲು. ಕೊನೆಗೆ ಸಾಫಲ್ಯ ಪರೀಕ್ಷೆ, ಅದರಿಂದ ಎಷ್ಟು ಕಲಿತರು ಅಂತ ನೋಡಲು. ಹೆಚ್ಚಿನ ಶಾಲೆಗಳಲ್ಲಿ ಈ ನೈದಾನಿಕ ಪರೀಕ್ಷೆಯ ಅಂಕದ ಮೇಲೇ ಎ, ಬಿ, ಸಿ ಗುಂಪು ಮಾಡುತ್ತಾರೆ; ಎ ಮುಂದಿರುವವರದ್ದು, ಸಿ ಹಿಂದುಳಿದವರದ್ದು. ನಾವೂ ಮಾಡಿದೆವು. ಗುಂಪಿನ ಪಟ್ಟಿ ಸ್ಟಾಫ್ ರೂಮಿನಲ್ಲಿ ಮಾತ್ರ ಇರಬೇಕು ಅಂತ ತೀರ್ಮಾನ. ಎರಡು ದಿನ ಹೋಗುವುದರೊಳಗೆ ಹುಡುಗರು "ನಾನು ಸಿ, ನೀನು ಬಿ" ಅಂತ ಮಾತಾಡಿಕೊಳ್ಳುತ್ತಿದ್ದರು. ಯಾರು ಹೇಳಿದರೋ!

ಶಿಕ್ಷಕರ ನಿರೀಕ್ಷೆ ಮಕ್ಕಳ ಮೇಲೆ ಏನು ಮಾಡುತ್ತದೆ ಎಂಬ ಚರ್ಚೆ ಹಳೆಯದು. ಅಮೆರಿಕದಲ್ಲಿ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1960ರ ದಶಕದಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಸುಮ್ನೆ ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳನ್ನು ಆರಿಸಿ, "ಈ ವರ್ಷ ಇವರು ಚುರುಕಾಗುತ್ತಾರೆ" ಅಂತ ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಸಣ್ಣ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದಿದ್ದರು. ಆಮೇಲೆ ಬಂದ ಸಂಶೋಧಕರು ಈ ಪರಿಣಾಮ ಅಷ್ಟು ದೊಡ್ಡದಲ್ಲ ಅಂತ ವಾದ ಮಾಡಿದ್ದಾರೆ. ಇರಬಹುದು. ಆದರೆ ನಮ್ಮಲ್ಲಿ ಆಗುವುದು ಶಿಕ್ಷಕರ ಮನಸ್ಸಿನೊಳಗೆ ಮಾತ್ರ ಅಲ್ಲ. ನಾವು ನಿರೀಕ್ಷೆಯನ್ನು ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು, ಮಗುವಿನ ಬ್ಯಾಗಿಗೇ ಹಾಕುತ್ತೇವೆ.

ಚೀಟಿಯಲ್ಲಿ ಬಂದದ್ದು

ಜೂನ್ ಎರಡನೇ ವಾರದಲ್ಲಿ ಮೇಡಂ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಎರಡು ಪ್ರಶ್ನೆ. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ನಿನಗೆ 80ಕ್ಕೆ ಎಷ್ಟು ಬರಬಹುದು? ಎಷ್ಟು ಬಂದರೆ ಮನೆಯಲ್ಲಿ ಖುಷಿ ಪಡುತ್ತಾರೆ?

ಸಿ ಗುಂಪಿನ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದ ಸಂಖ್ಯೆ 28. ಇಪ್ಪತ್ತೈದು ಅಲ್ಲ, ಮೂವತ್ತು ಅಲ್ಲ, 28. ಪಾಠ ಇನ್ನೂ ಒಂದೂ ಆಗಿಲ್ಲ, ಪಾಸಿನ ಗೆರೆ ಮಾತ್ರ ಬಾಯಿಗೆ ಬಂದಿದೆ. ಅಣ್ಣಂದಿರಿಂದ, ಅಕ್ಕಂದಿರಿಂದ, ನಮ್ಮಿಂದ ಕೇಳಿ ಕೇಳಿ ಕಲಿತದ್ದು. ಎ ಗುಂಪಿನವರು 70, 75 ಬರೆದಿದ್ದರು, ಅದು ಅವರಿಗೆ ಬರುವಷ್ಟೇ. ವಿಚಿತ್ರ ಅನ್ನಿಸಿದ್ದು ಬಿ ಗುಂಪಿನ ಹುಡುಗಿಯರದ್ದು. ಒಂಬತ್ತನೇ ತರಗತಿಯಲ್ಲಿ ತೆಗೆದದ್ದಕ್ಕಿಂತ ಕಡಿಮೆ ಬರೆದವರೇ ಜಾಸ್ತಿ. ಯಾಕೆ ಅಂತ ಕೇಳಿದರೆ ಒಬ್ಬಳು, "ಜಾಸ್ತಿ ಬರೆದು ಆಮೇಲೆ ಬರದಿದ್ರೆ ನಗ್ತಾರೆ ಮೇಡಂ" ಅಂದಳು.

ಎರಡನೇ ಪ್ರಶ್ನೆಗೆ ಹಲವರು ಅಂಕವೇ ಬರೆದಿರಲಿಲ್ಲ. "ಪಾಸಾದ್ರೆ ಸಾಕು ಅಂತಾರೆ." "ಏನೂ ಕೇಳಲ್ಲ." ಒಬ್ಬ ಮಾತ್ರ "ಅಪ್ಪನಿಗೆ ಎಷ್ಟಕ್ಕೆ ಅಂತ ಗೊತ್ತಿಲ್ಲ" ಎಂದು ಬರೆದಿದ್ದ. ಅಂದರೆ ಒಟ್ಟು ಅಂಕ ಎಷ್ಟು ಅನ್ನುವುದೇ ಅಪ್ಪನಿಗೆ ಗೊತ್ತಿಲ್ಲ.

ಚೀಟಿ ನೋಡಿದ ಮೇಲೆ ಮೇಡಂ "ಎಷ್ಟು" ಅಂತ ಕೇಳುವುದನ್ನೇ ನಿಲ್ಲಿಸಿದರು. ಬದಲಿಗೆ ಮೊದಲ ಅರ್ಧ ವರ್ಷದ ಪಾಠಗಳಿಂದ ಇಪ್ಪತ್ತು ಬಗೆಯ ಲೆಕ್ಕ ತೆಗೆದು ಒಂದು ಹಾಳೆ ಮಾಡಿದರು. ಸಮಾಂತರ ಶ್ರೇಢಿಯ ಎನ್‌ನೇ ಪದ ಕಂಡುಹಿಡಿಯುವುದು ಒಂದು ಸಾಲು. ವರ್ಜಿಸುವ ವಿಧಾನದಲ್ಲಿ ಸಮೀಕರಣ ಬಿಡಿಸುವುದು ಇನ್ನೊಂದು. ಋಣ ಸಂಖ್ಯೆ ಕಳೆಯುವುದು, ಭಿನ್ನರಾಶಿ ಕೂಡುವುದು ಕೂಡ ಅದರಲ್ಲಿದ್ದವು. ಅವು ಏಳನೇ ಎಂಟನೇ ತರಗತಿಯವು, ಆದರೆ ಹತ್ತನೆಯ ಲೆಕ್ಕ ಒಡೆಯುವುದೇ ಅಲ್ಲಿ. ಪ್ರತಿ ಸಾಲಿನ ಎದುರು ಮೂರು ಮನೆ: ಒಬ್ಬನೇ ಮಾಡ್ತೀನಿ, ಸ್ವಲ್ಪ ಹೇಳಿಕೊಟ್ರೆ ಮಾಡ್ತೀನಿ, ಗೊತ್ತಿಲ್ಲ. ಹದಿನೈದು ದಿನಕ್ಕೊಮ್ಮೆ ಮಕ್ಕಳೇ ಗುರುತು ಹಾಕಬೇಕು. ಸುಳ್ಳು ಗುರುತು ಹಾಕಿದರೆ? ಹಾಕಿದರು. "ಒಬ್ಬನೇ ಮಾಡ್ತೀನಿ" ಅಂತ ಹಾಕಿದವನನ್ನು ಬೋರ್ಡಿಗೆ ಕರೆದು ಪಕ್ಕದವನಿಗೆ ಹೇಳಿಕೊಡಲು ಬಿಟ್ಟರು, ಅಷ್ಟೇ. ಎರಡನೇ ಸಲಕ್ಕೆ ಗುರುತುಗಳು ತಾವೇ ಸರಿಯಾದವು.

ಇನ್ನೊಂದು ಬದಲಾವಣೆ ಜಾಸ್ತಿ ಗಲಾಟೆ ಎಬ್ಬಿಸಿತು. ಕಿರು ಪರೀಕ್ಷೆಯ ಉತ್ತರಪತ್ರಿಕೆಯನ್ನು ಅಂಕ ಹಾಕದೆ ಮಕ್ಕಳಿಗೆ ಕೊಟ್ಟರು. ಅಂಕ ರಿಜಿಸ್ಟರಿನಲ್ಲಿತ್ತು. ಅದಿಲ್ಲದೆ ನಡೆಯುವುದಿಲ್ಲ, ರೂಪಣಾತ್ಮಕ ಮೌಲ್ಯಮಾಪನದ್ದನ್ನು, ಅಂದರೆ ವರ್ಷದ ನಡುನಡುವೆ ಮಾಡುವ ಪರೀಕ್ಷೆಗಳದ್ದನ್ನು, ಆನ್‌ಲೈನಿಗೆ ಏರಿಸಲೇಬೇಕು. ಆದರೆ ಮಗುವಿನ ಕೈಗೆ ಬಂದ ಹಾಳೆಯಲ್ಲಿ ಎಲ್ಲಿ ತಪ್ಪಿದೆ, ಮುಂದೆ ಏನು ಮಾಡಬೇಕು ಎಂದು ಒಂದೋ ಎರಡೋ ಸಾಲು ಮಾತ್ರ. ಇದು ಮೇಡಂ ಕಂಡುಹಿಡಿದದ್ದಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಲಾಭವೇ ಆಗಲಿಲ್ಲ. ಅಂಕ ಕಂಡ ಮೇಲೆ ಕೆಳಗೆ ಬರೆದದ್ದನ್ನು ಯಾರು ಓದುತ್ತಾರೆ, ಅಲ್ವಾ?

ಮೊದಲು ಸಿಟ್ಟಾದವರು ಎ ಗುಂಪಿನವರು. "ಎಂತ ಮೇಡಂ, ಮಾರ್ಕ್ಸೇ ಇಲ್ಲ?" ತಮಗೆ ಹೆಚ್ಚು ಬಂದಿದೆ ಎಂದು ತೋರಿಸಿಕೊಳ್ಳುವ ದಾರಿ ಮುಚ್ಚಿಹೋಗಿತ್ತು. ಜುಲೈ ಪೋಷಕರ ಸಭೆಯಲ್ಲೂ ಇದೇ ಮಾತು. ತೋಟದ ಮನೆಯ ಒಬ್ಬರು, "ಮಾರ್ಕ್ಸ್ ಗೊತ್ತಾಗ್ದೇ ಹುಡ್ಗ ಹ್ಯಾಗೆ ಓದ್ತಿದಾನೆ ಅಂತ ನಮ್ಗೆ ಹ್ಯಾಗೆ ಗೊತ್ತಾಗ್ಬೇಕು?" ಅಂತ ನೇರವಾಗಿ ಕೇಳಿದರು. ಮಗನನ್ನು ಟ್ಯೂಷನ್ನಿಗೂ ಸೇರಿಸಿದರು. ಆ ಹುಡುಗ ಅರ್ಧವಾರ್ಷಿಕದಲ್ಲಿ ತಾನು ಚೀಟಿಯಲ್ಲಿ ಬರೆದಷ್ಟೇ ತೆಗೆದ. ಹಾಳೆ, ಟಿಪ್ಪಣಿ, ಟ್ಯೂಷನ್ ಯಾವುದೂ ಇಲ್ಲದಿದ್ದರೂ ಅವನು ಅಷ್ಟು ತೆಗೆಯುತ್ತಿದ್ದ ಅಂತ ನನ್ನ ಅಂದಾಜು. ಇಂಥ ಮಕ್ಕಳ ಬಗ್ಗೆ ಈ ಪ್ರಯೋಗದಿಂದ ಏನೂ ಹೇಳಲು ಬರುವುದಿಲ್ಲ.

ಚಿಹ್ನೆ ತಪ್ಪಿದ ಹುಡುಗ

ನಿಜವಾಗಿ ನೋಡಬೇಕಾದದ್ದು ಸಿ ಗುಂಪಿನ ಒಬ್ಬ ಹುಡುಗನನ್ನು. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ, ಉಳಿದ ದಿನ ಬೇರೆಯವರ ತೋಟದಲ್ಲಿ ಕೆಲಸ. ಚೀಟಿಯಲ್ಲಿ 28 ಬರೆದವರಲ್ಲಿ ಇವನೂ ಒಬ್ಬ. ನೈದಾನಿಕ ಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಖಾಲಿ ಹಾಳೆ. ಪ್ಯಾಕೇಜ್ ಕೊಟ್ಟಿದ್ದರೆ ಜೂನ್‌ನಲ್ಲೇ ಇವನ ಕೈಗೆ ಹೋಗುತ್ತಿತ್ತು. ಸಮೀಕರಣ ಬಿಡಿಸುವುದು ಬಿಟ್ಟು ನಕ್ಷೆ ಎಳೆಯುವುದನ್ನು ಮಾತ್ರ ಕಲಿಯುತ್ತಿದ್ದ.

ಜುಲೈಯ ಕಿರು ಪರೀಕ್ಷೆಯಲ್ಲಿ ಪಠ್ಯಪುಸ್ತಕದ್ದೇ ಒಂದು ಲೆಕ್ಕ: 2ಎಕ್ಸ್ + 3ವೈ = 11, 2ಎಕ್ಸ್ − 4ವೈ = −24. ಇವನು ಒಂದರಿಂದ ಒಂದನ್ನು ಕಳೆದಿದ್ದ. ವಿಧಾನ ಸರಿ. 3ವೈಯಿಂದ −4ವೈ ಕಳೆಯುವಲ್ಲಿ −ವೈ ಅಂತ ಬರೆದ. 11ರಿಂದ −24 ಕಳೆಯುವಲ್ಲಿ −13. ಹಾಗಾಗಿ ವೈ = 13, ಆಮೇಲೆ ಎಕ್ಸ್ = −14. ಬರಬೇಕಾದದ್ದು ವೈ = 5, ಎಕ್ಸ್ = −2. ಪತ್ರಿಕೆ ತಿದ್ದುವ ಅವಸರದಲ್ಲಿ ಇದಕ್ಕೆ ಒಂದು ಅಡ್ಡಗೆರೆ ಸಾಕು, ಉತ್ತರ ತಪ್ಪು. ಮೇಡಂ ಆ ಹಾಳೆಯನ್ನು ಸ್ಟಾಫ್ ರೂಮಿಗೆ ತಂದು ನಮಗೆಲ್ಲ ತೋರಿಸಿದರು. ತಪ್ಪು ಎರಡು ಕಡೆ ಆಗಿದೆ, ಎರಡೂ ಒಂದೇ ತಪ್ಪು. ಹತ್ತನೇ ತರಗತಿಯ ಹೊಸ ಪಾಠ ಅವನಿಗೆ ಅರ್ಥವಾಗಿದೆ. ಬರದೇ ಇರುವುದು ಋಣ ಸಂಖ್ಯೆಯನ್ನು ಕಳೆಯುವುದು.

ಹಾಳೆಯ ಮೇಲೆ ಅವರು ಬರೆದದ್ದು: "ಬಿಡಿಸಿದ ಕ್ರಮ ಪೂರ್ತಿ ಸರಿ. ಕಳೆಯುವಾಗ ಚಿಹ್ನೆ ಬದಲಾಗುತ್ತೆ. ಇಂಥ ಹತ್ತು ಲೆಕ್ಕ ಮಾಡಿ ತಾ." ಹುಡುಗ ಆ ಮೊದಲ ವಾಕ್ಯವನ್ನು ಪಕ್ಕದವನಿಗೆ ತೋರಿಸಿದ್ದನ್ನು ನಾನು ನೋಡಿದೆ. ಎಂಟನೇ ತರಗತಿಯಿಂದ ಗಣಿತದ ಹಾಳೆಯಲ್ಲಿ "ಸರಿ" ಅಂತ ಅವನು ಕಂಡದ್ದು ಅಪರೂಪ ಇರಬೇಕು. ಋಣ ಸಂಖ್ಯೆ ಹೇಳಿಕೊಡಲು ಮೇಡಂ ಸೊಸೈಟಿಯ ಸಾಲದ ಉದಾಹರಣೆ ಹಿಡಿದರು. ನಿನ್ನ ಲೆಕ್ಕದಿಂದ ಇಪ್ಪತ್ನಾಲ್ಕು ರೂಪಾಯಿ ಸಾಲ ಅಳಿಸಿಬಿಟ್ಟರೆ ನಿನ್ನ ಹತ್ತಿರ ಇರುವುದು ಜಾಸ್ತಿಯಾಯಿತೋ ಕಡಿಮೆಯಾಯಿತೋ? ಸಾಲದ ಮಾತು ಮಲೆನಾಡಿನ ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆಗೇ ಇನ್ನೊಂದು ಗೊತ್ತಾಯಿತು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಬೋರ್ಡೋ ದ್ರಾವಣ ಕಲಸುವುದು ಇವನ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ಶೇಕಡಾ ಒಂದರ ದ್ರಾವಣ. ಡ್ರಮ್ಮು ಸಣ್ಣದಾದರೆ ಎಷ್ಟು, ಅರ್ಧ ಡ್ರಮ್ಮಿಗೆ ಎಷ್ಟು ಅಂತ ಕೇಳಿದರೆ ತಡವಿಲ್ಲದೆ ಹೇಳುತ್ತಾನೆ. ಅದೇ ಅನುಪಾತ ಪುಸ್ತಕದಲ್ಲಿ ಬಂದರೆ ಸುಮ್ಮನಾಗುತ್ತಾನೆ.

ಇಲ್ಲಿ ಕಥೆ ಸಲೀಸಾಗಿ ಮುಗಿಯಬಹುದಿತ್ತು, ಮುಗಿಯಲಿಲ್ಲ. ಮೇಡಂ ಬೋರ್ಡೋ ಲೆಕ್ಕದಿಂದ ಪುಸ್ತಕದ ಲೆಕ್ಕಕ್ಕೆ ದಾರಿ ಮಾಡಲು ನೋಡಿದರು. ಅಷ್ಟಾಗಿ ಫಲ ಕೊಡಲಿಲ್ಲ. ಅವನಿಗೆ ಅಡ್ಡ ಬಂದದ್ದು ಅನುಪಾತ ಅಲ್ಲ, ವಾಕ್ಯ. "ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ" ಎಂಬ ಪಾಠದ ಹೆಸರನ್ನೇ ಒಂದು ಉಸಿರಿನಲ್ಲಿ ಓದಲು ಅವನಿಗೆ ಕಷ್ಟ. ಮೂರು ಸಾಲಿನ ವಾಕ್ಯರೂಪದ ಲೆಕ್ಕದಲ್ಲಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಇದು ಗಣಿತ ಮೇಡಂ ಒಬ್ಬರ ಕೆಲಸವಲ್ಲ ಅಂತ ಆಗ ಸ್ಟಾಫ್ ರೂಮಿನಲ್ಲಿ ಮಾತಾಯಿತು. ಕನ್ನಡದ ಸರ್ ವಾರಕ್ಕೊಂದು ಅವಧಿಯಲ್ಲಿ ಗಣಿತ, ವಿಜ್ಞಾನದ ಪ್ರಶ್ನೆಗಳನ್ನೇ ಓದಿಸಲು ಒಪ್ಪಿದರು. ಅದು ಆಗಸ್ಟ್ ಮಧ್ಯದಲ್ಲಿ ಶುರುವಾಯಿತು. ತಡವಾಯಿತು ಅನ್ನಬೇಕು.

ಸೆಪ್ಟೆಂಬರ್ ಅರ್ಧವಾರ್ಷಿಕದಲ್ಲಿ ಅವನಿಗೆ ನಲವತ್ತರ ಹತ್ತಿರ ಬಂತು. ಮೂರು ಅಂಕದ ಸಮೀಕರಣ ಪೂರ್ತಿ ಸರಿ. ವಾಕ್ಯರೂಪದ ಲೆಕ್ಕ ಮುಟ್ಟಿರಲಿಲ್ಲ.

ಸಂಕದ ಆಚೆಯ ಹುಡುಗಿ

ಬಿ ಗುಂಪಿನ ಒಬ್ಬ ಹುಡುಗಿಯ ಮನೆ ಹಳ್ಳದ ಆಚೆ. ದಾಟಲು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಜುಲೈಯಲ್ಲಿ ಹಳ್ಳ ಏರಿದಾಗ ಆ ಮನೆಗಳವರು ಈಚೆ ಬರುವುದಿಲ್ಲ, ಬರಬಾರದು ಕೂಡ. ಅದಕ್ಕೆ ಸರಿಯಾಗಿ ಗದ್ದೆ ನಾಟಿಯೂ ಬಂತು. ಒಟ್ಟಿಗೆ ಎರಡು ವಾರಕ್ಕಿಂತ ಹೆಚ್ಚು ಗೈರು. ಚೀಟಿಯಲ್ಲಿ 45 ಬರೆದಿದ್ದಳು. ಇವಳು ಈ ಸಲ ಅದಕ್ಕೂ ಕೆಳಗೆ ಹೋಗುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಫೋನಿನಲ್ಲಿ ಹೇಳೋಣ ಎಂದರೆ ಆ ಕಡೆ ನೆಟ್‌ವರ್ಕ್ ಇಲ್ಲ.

ಅವಳ ಬ್ಯಾಗಿನಲ್ಲಿ ಮೇಡಂ ಕೊಟ್ಟ ಇಪ್ಪತ್ತು ಸಾಲಿನ ಹಾಳೆ ಇತ್ತು. ಮನೆಯಲ್ಲಿ ಪಿಯುಸಿ ಓದಿದ ಅತ್ತಿಗೆ. ಇಬ್ಬರೂ ಕೂತು ಸಮಾಂತರ ಶ್ರೇಢಿಯನ್ನು ಪುಸ್ತಕ ನೋಡಿ ತಾವೇ ಮಾಡಿದ್ದರು. ವಾಪಸ್ ಬಂದಾಗ ಶ್ರೇಢಿಯ ಸಾಲುಗಳೆಲ್ಲ "ಒಬ್ಬಳೇ ಮಾಡ್ತೀನಿ" ಮನೆಯಲ್ಲಿದ್ದವು. ಬೋರ್ಡಿಗೆ ಕರೆದಾಗ ಮಾಡಿಯೂ ತೋರಿಸಿದಳು. ಏನು ಓದಬೇಕು ಅಂತ ಗೊತ್ತಿದ್ದದ್ದರಿಂದ ಆ ಎರಡು ವಾರ ಪೂರ್ತಿ ಹಾಳಾಗಲಿಲ್ಲ. ತ್ರಿಭುಜದ ಪಾಠ ಮಾತ್ರ ಕೈತಪ್ಪಿತು. ಆ ಪ್ರಮೇಯಗಳು ಪುಸ್ತಕ ನೋಡಿ ಬರುವಂಥವಲ್ಲ. ಅವಳ ಅಂಕ 45ರ ಮೇಲೇ ಬಂತು, ಅರವತ್ತು ಆಗಲಿಲ್ಲ.

ಇವಳ ವಿಷಯದಲ್ಲಿ ಅಂಕಕ್ಕಿಂತ ಮುಂದಿನ ಮಾತೇ ದೊಡ್ಡದು. ಅವಳಿಗೆ ಪಿಯುಸಿಯಲ್ಲಿ ಸೈನ್ಸ್ ತಗೊಂಡು ನರ್ಸಿಂಗ್ ಮಾಡುವ ಆಸೆ. ಮನೆಯಲ್ಲಿ ವಿರೋಧ ಇಲ್ಲ. ಅವಳಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಓದ್ತೀನಿ ಅಂದ್ರೆ ಎಂತಕ್ಕೆ ಬ್ಯಾಡ ಅನ್ನದು ಸರ್? ಬಸ್ಸಿಂದೇ ಯೋಚ್ನೆ." ಸೈನ್ಸ್ ಬೇಕೆಂದರೆ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗಬೇಕು. ಪ್ರಾಕ್ಟಿಕಲ್ ಮುಗಿಸಿ ಸಂಜೆ ಹೊರಟರೆ ಕೊನೆಯ ಬಸ್ಸು ಸಿಗುವುದು ಅನುಮಾನ. ಬಸ್ಸಿಳಿದು ಮತ್ತೆ ಕತ್ತಲಲ್ಲಿ ನಡೆಯಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತಗೊಳ್ಳಲೇಬೇಕು. ಹಾಗಾಗಿ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಅಂತ ಮನೆಯಲ್ಲಿ ಅರ್ಧ ತೀರ್ಮಾನ ಆಗಿತ್ತು. ಆರ್ಟ್ಸಿಗೆ ಗಣಿತ ಬೇಡ. ಆಮೇಲೆ ಗಣಿತದಲ್ಲಿ 45 ಆದರೇನು, 65 ಆದರೇನು?

ಮಕ್ಕಳಿಗೆ ಗುರಿ ಇಲ್ಲ, ಪೋಷಕರಿಗೆ ಕಾಳಜಿ ಇಲ್ಲ ಎಂದು ಸಭೆಗಳಲ್ಲಿ ಸಲೀಸಾಗಿ ಹೇಳುವುದನ್ನು ಕೇಳುತ್ತಲೇ ಇರುತ್ತೇವೆ. ಈ ಮನೆಯಲ್ಲಿ ಎರಡೂ ಇತ್ತು. ಬಸ್ಸಿನ ವೇಳಾಪಟ್ಟಿ ನೋಡಿ ಗುರಿಯನ್ನು ಕಡಿಮೆ ಮಾಡಿಕೊಂಡಿದ್ದರು. ಆಗಸ್ಟ್‌ನಲ್ಲಿ ನಾನು ಅವರಿಗೆ ಸರ್ಕಾರಿ ವಿದ್ಯಾರ್ಥಿನಿಲಯದ ಅರ್ಜಿ ವಿಷಯ ಹೇಳಿದೆ. ಮೆಟ್ರಿಕ್ ನಂತರದ ಹಾಸ್ಟೆಲ್ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅವಳ ಹಾಳೆಯಲ್ಲಿ ತ್ರಿಭುಜದ ಸಾಲುಗಳಿಗೆ ಮತ್ತೆ ಗುರುತು ಬೀಳಲು ಶುರುವಾದದ್ದು ಅದಾದ ಮೇಲೆ. ಹಾಸ್ಟೆಲಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಸಮಯ ಮಾತ್ರ ಒಂದೇ.

ಕೈಗೆ ಸಿಗದವನೊಬ್ಬ

ಖೊಖೊ ಆಡುವ ಹುಡುಗ ಒಬ್ಬನಿದ್ದ. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಮೈದಾನದಲ್ಲೇ. ಅವನ ಹಾಳೆ ಜೂನ್‌ನಲ್ಲಿ ಹೇಗಿತ್ತೋ ಹಾಗೇ ಉಳಿಯಿತು, ಅರ್ಧವಾರ್ಷಿಕದಲ್ಲಿ ಫೇಲ್. ಆಟದಲ್ಲಿ ಅವನಿಂದ ಎಲ್ಲರಿಗೂ ನಿರೀಕ್ಷೆ ಇತ್ತು, ಅದನ್ನು ಅವನು ಪೂರೈಸಿದ. ಗಣಿತದಲ್ಲಿ ಅವನಿಗೆ ಈ ವಿಧಾನದಿಂದ ಏನೂ ಆಗಲಿಲ್ಲ. ಅವನಿಗೆ ಅಕ್ಟೋಬರ್ ಕೊನೆಗೆ ಪ್ಯಾಕೇಜ್ ಕೊಟ್ಟದ್ದು ಸರಿಯಾದ ಕೆಲಸ.

ಏನು ಬಂತು

ಮುಖ್ಯ ಶಿಕ್ಷಕರಾದ ಎಚ್‌ಎಂ ಸರ್ ಕೇಳಿದ್ದು ಒಂದೇ. ಹೋದ ವರ್ಷ ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಪಾಸಾದವರು ಎಷ್ಟು, ಈ ವರ್ಷ ಎಷ್ಟು? ಹೆಚ್ಚು ಕಡಿಮೆ ಅಷ್ಟೇ. ಸಿ ಗುಂಪಿನಲ್ಲಿ ಗೆರೆ ದಾಟಿದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪ್ಯಾಕೇಜ್ ಕೊಟ್ಟ ವರ್ಷವೂ ಹಾಗೇ ಇತ್ತು. ಸಭೆಗೆ ಹೋಗುವ ಕಾಗದದಲ್ಲಿ ನಮ್ಮ ಅರ್ಧ ವರ್ಷದ ಕೆಲಸ ಕಾಣುವುದೇ ಇಲ್ಲ.

ಉತ್ತರಪತ್ರಿಕೆ ಬಿಡಿಸಿ ನೋಡಿದರೆ ಕಾಣುತ್ತದೆ. ಹೋದ ವರ್ಷ ಪಾಸಾದವರ ಅಂಕವೆಲ್ಲ ಮೊದಲ ಎರಡು ಪುಟಗಳಲ್ಲಿ, ಒಂದು ಅಂಕದ ಪ್ರಶ್ನೆಗಳಲ್ಲಿ, ಮತ್ತೆ ನಕ್ಷೆಯಲ್ಲಿ ಇರುತ್ತಿತ್ತು. ನಡುವಿನ ಪುಟಗಳು ಖಾಲಿ. ಈ ಸಲ ಎರಡು, ಮೂರು ಅಂಕದ ಪ್ರಶ್ನೆಗಳಿಗೆ ಕೈ ಹಾಕಿದ್ದಾರೆ, ಅರ್ಧಕ್ಕೆ ಬಿಟ್ಟಿದ್ದಾರೆ, ತಪ್ಪು ಮಾಡಿದ್ದಾರೆ, ಕೆಲವು ಸರಿ ಮಾಡಿದ್ದಾರೆ. ಫೇಲಾದವರ ಹಾಳೆಯಲ್ಲೂ ಬರವಣಿಗೆ ಇದೆ. ಎಲ್ಲಿ ತಪ್ಪುತ್ತಿದ್ದಾರೆ ಅಂತ ಹೇಳಬಹುದು. ಖಾಲಿ ಹಾಳೆಯಿಂದ ಯಾವ ಶಿಕ್ಷಕರಿಗೂ ಏನೂ ಗೊತ್ತಾಗುವುದಿಲ್ಲ.

ಈ ಕೆಲಸಕ್ಕೆ ತಗುಲಿದ ಹೊತ್ತಿನ ಮಾತೂ ಹೇಳಬೇಕು. ಮೂವತ್ತು ಮಕ್ಕಳ ಹಾಳೆಗೆ ಟಿಪ್ಪಣಿ ಬರೆಯಲು ಮೇಡಂ ಭಾನುವಾರಗಳನ್ನು ಕೊಟ್ಟರು. ಅದೇ ವರ್ಷ ಪಾಠ ಆಧಾರಿತ ಮೌಲ್ಯಾಂಕನ ಬಂದು, ಪ್ರತಿ ಪಾಠಕ್ಕೂ ಪರೀಕ್ಷೆ, ಪ್ರತಿ ಪರೀಕ್ಷೆಗೂ ಅಂಕ ಏರಿಸುವ ಕೆಲಸ ಸೇರಿಕೊಂಡಿತು. ಅರವತ್ತು ಮಕ್ಕಳ ತರಗತಿಯಲ್ಲಿ ಇದನ್ನು ಮಾಡಿ ಅಂತ ನಾನು ಯಾರಿಗೂ ಹೇಳಲಾರೆ.

ಗೆರೆ ಇಳಿದ ಮೇಲೆ

ಅರ್ಧವಾರ್ಷಿಕ ಮುಗಿದ ಕೂಡಲೇ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಶಿಕ್ಷಕರೆಲ್ಲ ಮನೆ ಮನೆ ಸುತ್ತಿದೆವು. ಅದು ಮುಗಿಯದ ಕಾರಣ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆ ರಜೆಯಲ್ಲೇ ಸುದ್ದಿ ಬಂತು: ಈ ವರ್ಷದಿಂದ ಎಸ್‌ಎಸ್‌ಎಲ್‌ಸಿ ಪಾಸಾಗಲು ಒಟ್ಟು 625ಕ್ಕೆ 206, ಅಂದರೆ ಶೇ 33 ಸಾಕು. ಪ್ರತಿ ವಿಷಯದಲ್ಲಿ ಆಂತರಿಕ, ಲಿಖಿತ ಸೇರಿಸಿ ಕನಿಷ್ಠ ಶೇ 30 ಇರಬೇಕು.

ಶಾಲೆ ತೆರೆದ ದಿನ ಹುಡುಗರು ಲೆಕ್ಕ ಮಾಡಿಕೊಂಡೇ ಬಂದಿದ್ದರು. "ಸರ್, ಆಂತರಿಕ ಇಪ್ಪತ್ತು ಪೂರ್ತಿ ಬಂದ್ರೆ ಪರೀಕ್ಷೆಲಿ ಹತ್ತು ಸಾಕಲ್ವಾ?" ಒಟ್ಟು 206 ಆಗಬೇಕು ಅನ್ನುವುದನ್ನು ನೆನಪಿಸಬೇಕಾಯಿತು. ಆದರೂ ಆ ಕ್ಷಣದ ಲೆಕ್ಕ ತಪ್ಪೇನಲ್ಲ. ಕಷ್ಟದಲ್ಲಿರುವ ಮಗುವಿಗೆ ಗೆರೆ ಇಳಿದದ್ದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಮೇಡಂಗೆ ಹಾಗನ್ನಿಸುವುದಿಲ್ಲ. ಈ ಬಗ್ಗೆ ಸ್ಟಾಫ್ ರೂಮಿನಲ್ಲಿ ಇನ್ನೂ ಜಗಳ ಇದೆ.

ಅವರು ಆ ವಾರವೇ ಮತ್ತೆ ಚೀಟಿ ಕೊಟ್ಟರು. ಈ ಸಲ ಮೊದಲ ಪ್ರಶ್ನೆ ಬೇರೆ: ಮುಂದಿನ ಪರೀಕ್ಷೆಯಲ್ಲಿ ಯಾವ ಲೆಕ್ಕ ಖಂಡಿತ ಮಾಡ್ತೀಯ, ಯಾವುದನ್ನು ಕಲೀಬೇಕು ಅಂತಿದ್ದೀಯ? ಸಿ ಗುಂಪಿನ ಇಬ್ಬರು ಮೂವರು ದೊಡ್ಡದಾಗಿ "10" ಅಂತ ಬರೆದು ಕೊಟ್ಟರು, ಸ್ವಲ್ಪ ತಮಾಷೆಗೆ, ಸ್ವಲ್ಪ ನಿಜಕ್ಕೆ. ಚಿಹ್ನೆ ತಪ್ಪುತ್ತಿದ್ದ ಹುಡುಗ ಸಮೀಕರಣ, ಶ್ರೇಢಿ ಅಂತ ಬರೆದು, ಕಲಿಯಬೇಕಾದ್ದರಲ್ಲಿ "ಓದಿ ಮಾಡುವ ಲೆಕ್ಕ" ಎಂದು ಬರೆದಿದ್ದ. ಕನ್ನಡದ ಸರ್‌ಗೆ ಆ ಚೀಟಿ ತೋರಿಸಿದೆವು. ಅವರು ವಾರದ ಒಂದು ಅವಧಿಯನ್ನು ಎರಡು ಮಾಡಿದರು.

ನವೆಂಬರಿನಿಂದ ಇರುವ ಏರ್ಪಾಡು ಹೀಗೆ. ಫೇಲಾದವರಿಗೆ ಪ್ಯಾಕೇಜ್ ಕೊಟ್ಟಿದ್ದೇವೆ, ಆದರೆ ಪಾಠ ಪಾಠವಾಗಿ ಬಿಡಿಸಿ, ಹಾಳೆಯ ಸಾಲುಗಳ ಜೊತೆ ಸೇರಿಸಿ. ಉಳಿದವರಿಗೆ ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ, ಕೇಳಿದವರಿಗೆ ಮಾತ್ರ. ಟಿಪ್ಪಣಿಯ ಜೊತೆ ಅಂಕವನ್ನೂ ಕೊಡಿ ಎಂಬ ಪೋಷಕರ ಒತ್ತಾಯಕ್ಕೆ ಮೇಡಂ ಅರ್ಧ ಒಪ್ಪಿದ್ದಾರೆ: ಹಾಳೆ ತಿದ್ದಿಕೊಂಡು ಬಂದ ಮೇಲೆ ಅಂಕ. ವಿಶೇಷ ತರಗತಿಯನ್ನು ಸಂಜೆಯ ಬದಲು ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದೇವೆ, ಸಂಜೆ ಬಸ್ಸಿಗೆ ಹೊಂದುವುದಿಲ್ಲ. ಅದರಲ್ಲೂ ತೊಂದರೆ ಇದೆ. ಅಡಿಕೆ ಕೊಯ್ಲು ಶುರುವಾಗಿದೆ, ರಾತ್ರಿ ಸುಲಿಯಲು ಕೂರುವ ಮಕ್ಕಳು ಬೆಳಿಗ್ಗೆ ಬೆಂಚಿನ ಮೇಲೆ ತೂಕಡಿಸುತ್ತಾರೆ. ಜನವರಿವರೆಗೆ ಇದು ಹೀಗೇ. ಯಾವ ಮನೆಯಲ್ಲಿ ಯಾವ ವಾರ ಕೊಯ್ಲು ಅಂತ ಕೇಳಿ ಬರೆದಿಟ್ಟುಕೊಂಡು, ಆ ವಾರ ಆ ಮಗುವಿಗೆ ಹೊಸ ಪಾಠ ಬೇಡ, ಹಳೆಯ ಸಾಲುಗಳನ್ನೇ ಮಾಡಿಸೋಣ ಎಂದು ಸದ್ಯಕ್ಕೆ ಮಾತಾಗಿದೆ.